ಬಂಗಾರದ ಊರಿನ ಹಾಜರಿ

ಚೆನ್ನೈಯ ನಮ್ಮ ಕಛೇರಿಯಲ್ಲಿ ನನ್ನ ಪಕ್ಕದ ಮೇಜಿನ ಮಿತ್ರರು ಕೋಲಾರ ಚಿನ್ನದ ಗಣಿಯವರು. ‘ಒಮ್ಮೆ ನಮ್ಮೂರಿಗೆ ಬನ್ನಿ’ ಎಂದು ಬಹಳ ದಿನಗಳಿಂದ ಕರೆಯುತ್ತಿದ್ದರು. ಹೋದ ದಸರಾ ರಜೆಯಲ್ಲಿ ಸಂಸಾರಸಮೇತನಾಗಿ ಹೊರಟೇಬಿಟ್ಟೆ.

ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿದರೆ ಕೋರಮಂಡಲ, ಊರಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ಪುಟ್ಟ ನಿಲ್ದಾಣಗಳು. ಬೂದುಬಣ್ಣದ ಗುಡ್ಡಗಳನ್ನು ಕಂಡು ಮಗ, ‘ಅಪ್ಪಾ, ಅದೇ ಚಿನ್ನವೇ?’ ಎಂದ. ಅಲ್ಲ, ಚಿನ್ನ ತೆಗೆದುಕೊಂಡ ಮೇಲೆ ಉಳಿದ ಸಯನೈಡ್ ಮಣ್ಣು!

೧೮೮೦ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟಿತು. ಆಳುಗಳನ್ನು ಒದಗಿಸುವ ಕೆಲಸ ಗುತ್ತಿಗೆದಾರರದು. ಉತ್ತರ ಆರ್ಕಾಟು, ಚಿತ್ತೂರು ಕಡೆಯ ಬಡವರು, ಅವರಲ್ಲಿ ಬಹುಮಂದಿ ದಲಿತರು, ಹೊಟ್ಟೆಪಾಡಿಗೆ ಬಂದರು. ಸಾಹೇಬರಿಗೆ ಬಂಗಲೆ, ಕ್ಲಬ್ಬು. ಆಳಿಗೆ ಬಿದಿರು ತಟ್ಟಿಯ ಗುಡಿಸಲು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ತಳದಲ್ಲಿ ಬಂಡೆಯ ಬಿಸಿ ೬೦ ಡಿಗ್ರಿ ದಾಟುತ್ತಿತ್ತು. ಬಂಡೆ ಸಿಡಿದು ಸತ್ತವರೂ ಉಂಟು. ಇಷ್ಟು ಸಹಿಸಿದವನ ಮೇಲೆ ಕಂಪನಿಗೆ ನಂಬಿಕೆ ಮಾತ್ರ ಇರಲಿಲ್ಲ. ಚಿನ್ನ ಕದ್ದಾನೆಂದು ಮೈ ತಡವಿ ನೋಡುತ್ತಿದ್ದರು. ೧೯೩೦ರಲ್ಲಿ ಬೆರಳಚ್ಚು ಕೊಟ್ಟು ಹೆಸರು ಬರೆಸಬೇಕೆಂದಾಗ ಕಾರ್ಮಿಕರು ಮುಷ್ಕರ ಹೂಡಿದರು.

ಮಿತ್ರರ ತಂದೆಯವರು ಭೂಮಿಯ ಕೆಳಗೆ ದುಡಿದವರು. ‘ನಮ್ಮ ಕಛೇರಿಯಲ್ಲೂ ಈಗ ದಿನಾ ಬೆರಳೊತ್ತಿಯೇ ಹಾಜರಿ’ ಎಂದು ನಾನು ನಕ್ಕೆ. ಹಿರಿಯರು ನಗಲಿಲ್ಲ.

‘ನಿಮ್ಮದು ಬಂದಿರೋ ಇಲ್ಲವೋ ಎಂದು ನೋಡುವುದಕ್ಕೆ, ತಂಬಿ. ನಮ್ಮ ತಾತಂದಿರದು ಕಳ್ಳರೆಂದು ಮೊದಲೇ ಬರೆದಿಟ್ಟುಕೊಳ್ಳುವುದಕ್ಕೆ.’ ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: ‘ಇಳಿಯುವಾಗಲೂ ಎಣಿಸುತ್ತಿದ್ದರು, ಹತ್ತಿ ಬಂದಾಗಲೂ ಎಣಿಸುತ್ತಿದ್ದರು. ಲೆಕ್ಕ ತಪ್ಪಿದ ದಿನ ಇಡೀ ಲೈನಿನ ಹೆಂಗಸರು ಶಾಫ್ಟಿನ ಬಾಯಲ್ಲಿ ನಿಲ್ಲುತ್ತಿದ್ದರು.’

ನಾನು ಸಿಬ್ಬಂದಿ ವಿಭಾಗದ ಗುಮಾಸ್ತ. ಹಾಜರಿಯ ಮುಂದೆ ‘ಗೈರು’ ಎಂದು ಎಷ್ಟು ಸಲ ಬರೆದಿದ್ದೇನೋ! ಆ ಪದಕ್ಕೆ ಇಷ್ಟು ಭಾರವಿರಬಹುದೆಂದು ಆ ಸಂಜೆಯೇ ತಿಳಿದದ್ದು.

೧೯೫೬ರಲ್ಲಿ ಗಣಿಯನ್ನು ಮೈಸೂರು ಸರ್ಕಾರ ವಹಿಸಿಕೊಂಡಿತು. ಮುಂದೆ ಅದು ಕೇಂದ್ರದ ಕೈಸೇರಿ, ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು. ಊರು ಮಾತ್ರ ಮುಚ್ಚಲಿಲ್ಲ. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವವರ ನೂಕುನುಗ್ಗಲು ಕಂಡೆವು. ಅತ್ತಣಿಂದ ಇತ್ತ ಬಂದವರ ಮೊಮ್ಮಕ್ಕಳು ಅವರು. ಇತ್ತಣಿಂದ ಅತ್ತ ಹೋದವರು ನಾವು.

ಹೊರಡುವಾಗ ಹಿರಿಯರು ನನ್ನ ಮಗನ ಕೈಗೆ ಬಿಳಿಗಲ್ಲಿನ ಚೂರೊಂದನ್ನಿಟ್ಟರು. ಚಿನ್ನವೇನೂ ಅದರಲ್ಲಿಲ್ಲ. ಮಗ ಅದನ್ನು ಜೋಪಾನವಾಗಿಟ್ಟಿದ್ದಾನೆ.