ಕಬ್ಬಿಣದ ಊರಿನಲ್ಲಿ ಹುಲ್ಲು ಹುಡುಕುತ್ತ

ಕಳಂಬೋಲಿಯಲ್ಲಿ ಮನೆ ಎಂದರೆ ಮುಂಬಯಿಯ ಕನ್ನಡಿಗರು ಮುಖ ನೋಡಿ ಸುಮ್ಮನಾಗುತ್ತಾರೆ. ಪುಣೆಗೆ ಹೋಗುವ ಬಸ್ಸಿಗಾಗಿ ಹೆದ್ದಾರಿಯ ಮೆಕ್‌ಡೊನಾಲ್ಡ್ಸ್ ಹತ್ತಿರ ಕಾದು ನಿಂತದ್ದಷ್ಟೇ ಅವರಿಗೆ ಈ ಊರಿನ ಪರಿಚಯ. ಮಿಕ್ಕಂತೆ ಇದು ಕಬ್ಬಿಣದ ಪೇಟೆ. ಸರಳು, ತಗಡು, ಸುರುಳಿ ಸುತ್ತಿದ ಉಕ್ಕು ಹೊತ್ತ ಟ್ರೇಲರುಗಳು ಹಗಲಿರುಳೂ ಬರುತ್ತವೆ, ಹೋಗುತ್ತವೆ, ಬಹುಪಾಲು ಹೊತ್ತು ಬರಿದೇ ನಿಂತಿರುತ್ತವೆ. ಪುಣೆಯ ಎಕ್ಸ್‌ಪ್ರೆಸ್‌ವೇ ಶುರುವಾಗುವುದು ಇಲ್ಲಿಂದಲೇ ಎಂಬುದು ನಮ್ಮ ಹೆಮ್ಮೆ. ಜನ ಇಲ್ಲಿಗೆ ಬರುವುದು ಬೇರೆಲ್ಲೋ ಹೋಗುವುದಕ್ಕೆ ಎಂದು ಅದನ್ನೇ ತಿರುಗಿಸಿ ಹೇಳುವ ಕುಹಕಿಗಳೂ ಇದ್ದಾರೆ.

ಇಂಥ ಊರಿಗೆ ನನ್ನ ಷಡ್ಡಕರು ಬೆಂಗಳೂರಿನಿಂದ ಗಾಲ್ಫ್ ಚೀಲ ಹೊತ್ತು ಬಂದಿಳಿದರು. ನಿವೃತ್ತಿಯಾದ ಮೇಲೆ ಕೆಲವರಿಗೆ ದೇವರು ಹತ್ತುತ್ತಾನೆ, ಕೆಲವರಿಗೆ ಷೇರು ಪೇಟೆ. ಇವರಿಗೆ ಗಾಲ್ಫ್ ಹತ್ತಿದೆ. ಪನವೇಲ್ ಸ್ಟೇಷನ್ನಿನಲ್ಲಿ ರಿಕ್ಷಾ ಹಿಡಿದರೆ ಡ್ರೈವರು ಕಲಬುರಗಿ ಕಡೆಯವನು. ಚೀಲವನ್ನು ಒಮ್ಮೆ ಎತ್ತಿ ನೋಡಿ, "ಏನ್ರೀ ಸಾಹೇಬ್ರ, ಇದರಾಗ ಸರಳು ಅದಾವೇನು?" ಅಂದ. ಕಳಂಬೋಲಿಗೆ ಹೋಗುವ ಭಾರದ ಚೀಲದಲ್ಲಿ ಇನ್ನೇನಿರಲು ಸಾಧ್ಯ?

"ಇಲ್ಲಿ ಕೋರ್ಸ್ ಎಲ್ಲಿದೆಯಯ್ಯಾ?" ಎಂದು ಷಡ್ಡಕರು ಕಾಫಿಗೂ ಮೊದಲು ಕೇಳಿದರು. ಬೆಂಗಳೂರಿನವರಿಗೆ ಈ ಪ್ರಶ್ನೆ ಸಹಜ. ಅವರ ಊರಿನ ಗಾಲ್ಫ್ ಕ್ಲಬ್ಬು ಹುಟ್ಟಿದ್ದು 1876ರಲ್ಲಿ, ಈಗಲೂ ಊರ ನಟ್ಟನಡುವೆ ಹೈಗ್ರೌಂಡ್ಸ್‌ನಲ್ಲೇ ಇದೆ. ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವಳಾಗಿ ಪದಕವನ್ನು ಕೂದಲೆಳೆಯಲ್ಲಿ ಕಳೆದುಕೊಂಡ ಅದಿತಿ ಅಶೋಕ್ ಕೂಡ ಬೆಂಗಳೂರಿನ ಹುಡುಗಿ. ಅವಳ ಹೆಸರನ್ನು ಷಡ್ಡಕರು ಪಕ್ಕದ ಮನೆಯ ಮಗಳ ಹೆಸರಿನ ಹಾಗೆ ಹೇಳುತ್ತಾರೆ.

ನಾನು ಮೊದಲು ದೊಡ್ಡ ಹೆಸರುಗಳನ್ನೇ ಹಿಡಿದೆ. ಖಾಡಿ ದಾಟಿದರೆ ಚೆಂಬೂರು. ಅಲ್ಲಿ 1927ರ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ಬು. ಇನ್ನೂ ಮುಂದೆ ಹೋದರೆ ಗವರ್ನರ್ ವಿಲಿಂಗ್‌ಡನ್ ಹೆಸರಿನಲ್ಲಿ 1918ರಲ್ಲಿ ಶುರುವಾದ ಕ್ಲಬ್ಬು. ಬಿಳಿಯರ ಕ್ಲಬ್ಬುಗಳ ಬಾಗಿಲು ಭಾರತೀಯರಿಗೆ ಮುಚ್ಚಿದ್ದ ಕಾಲದಲ್ಲಿ ಇಬ್ಬರನ್ನೂ ಒಳಗೆ ಬಿಟ್ಟ ಜಾಗ. ಕೊಲಾಬಾದ ತುದಿಯಲ್ಲಿ ಸೇನೆಯವರ ಯುಎಸ್ ಕ್ಲಬ್ಬು. ಈಗ ಬಣ್ಣ ಯಾರೂ ಕೇಳುವುದಿಲ್ಲ, ಸದಸ್ಯರ ಪರಿಚಯ ಕೇಳುತ್ತಾರೆ. ನನ್ನ ಪರಿಚಯದ ವಹಿಯನ್ನು ತಿರುವಿ ಹಾಕಿದೆ. ಉಡುಪಿ ಹೋಟೆಲಿನ ಶೆಟ್ಟರು ಸಿಕ್ಕರು, ಯಕ್ಷಗಾನಕ್ಕೆ ಚೆಂಡೆ ಬಾರಿಸುವವರು ಸಿಕ್ಕರು, ಕನ್ನಡ ಸಂಘದ ಮಾಜಿ ಅಧ್ಯಕ್ಷರಂತೂ ಹೇರಳವಾಗಿ ಸಿಕ್ಕರು. ಗಾಲ್ಫ್ ಕ್ಲಬ್ಬಿನ ಸದಸ್ಯರೊಬ್ಬರೂ ಸಿಗಲಿಲ್ಲ.

ಡೊಂಬಿವಲಿ ಕಡೆ ಪಲಾವಾ ಎಂಬ ಹೊಸ ಪಟ್ಟಣದ ಒಳಗೆ ಒಂಬತ್ತು ಹೋಲಿನದ್ದೊಂದು ಇದೆ. ನಮ್ಮ ಸೀಮೆಯಲ್ಲಿ ಗಾಲ್ಫಿಗೂ ಬಿಲ್ಡರುಗಳಿಗೂ ಇರುವ ನಂಟು ಬಲು ಗಟ್ಟಿ. ಠಾಣೆಯಿಂದ ಪನವೇಲಿನವರೆಗೆ ಹೋರ್ಡಿಂಗುಗಳಲ್ಲಿ ಬಿಳಿ ಟೋಪಿಯ ಒಬ್ಬ ಗಂಡಸು ಕೋಲು ಎತ್ತಿ ನಿಂತೇ ಇರುತ್ತಾನೆ, ಕೆಳಗೆ ಎರಡು ಬೆಡ್‌ರೂಮಿನ ಬೆಲೆ. ಒಂದು ಕಡೆ ವಿಚಾರಿಸಲೆಂದು ಫೋನು ಮಾಡಿದೆ. ಹುಡುಗ ಬಲು ವಿನಯವಂತ. "ಸರ್, ಆಡೋದು ಆಮೇಲೆ, ಮೊದಲು ಸ್ಯಾಂಪಲ್ ಫ್ಲ್ಯಾಟ್ ನೋಡಿ" ಅಂದ. ಅಂದಿನಿಂದ ಅವನ ಬಳಗದವರೆಲ್ಲ ಸರದಿಯಲ್ಲಿ ನನ್ನ ಯೋಗಕ್ಷೇಮ ವಿಚಾರಿಸುತ್ತಿದ್ದಾರೆ.

ನೆರೂಲ್ ಬಳಿಯೂ ಒಂದು ಬರಬೇಕಿತ್ತು. ಖಾಡಿಯ ಅಂಚಿನ ಆ ಜೌಗು ನೆಲದ ಸೀಮೆಗೆ ಫ್ಲೆಮಿಂಗೋಗಳು ಬರುತ್ತವೆ. ಜನ ಕೋರ್ಟಿಗೆ ಹೋದರು. 2018ರಲ್ಲಿ ಬಾಂಬೆ ಹೈಕೋರ್ಟು ಯೋಜನೆಗೆ ತಡೆ ಹಾಕಿತು, ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಇದನ್ನು ಹೇಳಿದಾಗ ಷಡ್ಡಕರು ಯೋಚಿಸಿ, "ಹಕ್ಕಿ ಇರಲಿ ಬಿಡು, ನಾವು ಬೇರೆ ಕಡೆ ಆಡೋಣ" ಅಂದರು. ಅವರ ಬಗ್ಗೆ ನನಗೆ ಗೌರವ ಹೆಚ್ಚಿತು.

ಕೊನೆಗೆ ದಾರಿ ತೋರಿಸಿದ್ದು ನಮ್ಮ ಕಟ್ಟಡದ ವಾಚ್‌ಮನ್. "ಖಾರ್ಘರ್‌ನಲ್ಲಿ ಇದೆಯಲ್ಲ, ನನ್ನ ಭಾವಮೈದ ಅಲ್ಲಿ ಹುಲ್ಲು ಕತ್ತರಿಸುತ್ತಾನೆ." ಖಾರ್ಘರ್ ಎಂದರೆ ನಮ್ಮ ಪಕ್ಕದೂರು. ನವಿಮುಂಬಯಿಯನ್ನು ಕಟ್ಟಿದ ಸಿಡ್ಕೋ ಅಲ್ಲಿ ಗುಡ್ಡದ ಬುಡದಲ್ಲಿ ಮೈದಾನ ಮಾಡಿ 2012ರಲ್ಲಿ ತೆರೆಯಿತು. ಸದಸ್ಯನಲ್ಲದವನೂ ದಿನದ ದುಡ್ಡು ಕೊಟ್ಟು ಆಡಬಹುದು. ಸರಕಾರಿ ಸಂಸ್ಥೆಗಳನ್ನು ಬೈಯುವುದು ನನ್ನ ಬೆಳಗಿನ ವ್ಯಾಯಾಮ. ಆ ದಿನ ಅದಕ್ಕೆ ರಜೆ ಕೊಟ್ಟೆ.

ಟ್ರೇಲರುಗಳು ಮೈಮುರಿಯುವ ಮೊದಲೇ ಹೊರಟೆವು. ಸೆಂಟ್ರಲ್ ಪಾರ್ಕ್ ದಾಟಿದೊಡನೆ ಗದ್ದಲ ಹಿಂದೆ ಬಿತ್ತು. ಎದುರಿಗೆ ಇಡೀ ಗುಡ್ಡ, ಮಳೆ ಮುಗಿದ ಹೊಸದರಲ್ಲಿ ಕಣ್ಣು ಕುಕ್ಕುವ ಹಸಿರು. ಆಷಾಢ ಶ್ರಾವಣದಲ್ಲಾದರೆ ಪಾಂಡವಕಡಾ ಜಲಪಾತ ನೂರು ಮೀಟರಿಗೂ ಮಿಕ್ಕಿ ಎತ್ತರದಿಂದ ಧುಮುಕುತ್ತದೆ. ಜನ ಮುಳುಗಿ ಸತ್ತದ್ದರಿಂದ ಮಳೆಗಾಲದಲ್ಲಿ ಪೊಲೀಸರು ಆ ಕಡೆ ಬಿಡುವುದಿಲ್ಲ. ಉಕ್ಕಿನ ಧೂಳು ಕುಡಿದ ನನ್ನ ಮೂಗಿಗೆ ಕತ್ತರಿಸಿದ ಹುಲ್ಲಿನ ವಾಸನೆ ಸ್ವಲ್ಪ ಅನುಮಾನಾಸ್ಪದವಾಗಿಯೇ ಕಂಡಿತು.

ಆಟವೇನೋ ವಿಚಿತ್ರ. ನಾಲ್ಕೂಕಾಲು ಇಂಚು ಅಗಲದ ಕುಳಿ, ಅದಕ್ಕೆ ಮುನ್ನೂರು ನಾನ್ನೂರು ಗಜದಾಚೆಯಿಂದ ಗುರಿ. ಷಡ್ಡಕರು ನಿಂತರು, ಸೊಂಟ ತಿರುಗಿಸಿದರು, ಉಸಿರು ಬಿಗಿಹಿಡಿದರು, ಬೀಸಿದರು. ಹುಲ್ಲಿನ ಹೆಂಟೆ ಹಾರಿತು; ಚೆಂಡು ಇದ್ದಲ್ಲೇ ಇತ್ತು. ಕ್ಯಾಡಿ ಹತ್ತಿರದ ಹಳ್ಳಿಯ ಹುಡುಗ. ಏನೂ ಹೇಳದೆ ಅವರ ಕೈಯಿಂದ ಆ ಕೋಲು ತೆಗೆದುಕೊಂಡು ಬೇರೊಂದು ಕೊಟ್ಟ. ಮುಂದೆ ಇಡೀ ಬೆಳಗು ಹೀಗೆಯೇ ನಡೆಯಿತು. ಹೊಡೆಯುವವರು ಷಡ್ಡಕರು, ಆಡುವವನು ಹುಡುಗ. ಚೆಂಡು ಮರಳಿನ ಕುಳಿಗೆ ಬಿದ್ದಾಗ "ಕಾಕಾ, ಹಳೂ ಹಳೂ" ಅಂದ. ಅವರು ಮೆಲ್ಲಗೆ ಹೊಡೆದರು, ಮೆಲ್ಲಗೆ ಹೊಡೆದರು, ಮತ್ತೂ ಮೆಲ್ಲಗೆ ಹೊಡೆದರು. ಚೆಂಡಿಗೆ ಮರಳು ಹಿಡಿಸಿಬಿಟ್ಟಿತ್ತು.

ನಾನು ಹಿಂದೆ ನಡೆದದ್ದಷ್ಟೇ. ಗಾಲ್ಫಿನ ಶ್ರೇಷ್ಠ ಭಾಗ ಅದೇ ಎಂದು ನನ್ನ ಅಭಿಪ್ರಾಯ. ಖಾಲಿ ಕೈಯಲ್ಲಿ, ಹಾರ್ನ್ ಕೇಳಿಸದೆ, ಇಷ್ಟು ದೂರ ನಡೆಯಲು ನಮ್ಮ ಸೀಮೆಯಲ್ಲಿ ಇನ್ನೆಲ್ಲೂ ಜಾಗವಿಲ್ಲ. ಬೇಸಿಗೆಯಲ್ಲಿ ನೀರಿನ ಟ್ಯಾಂಕರಿಗೆ ಕಾಯುವ ನನ್ನಂಥವನಿಗೆ ಅಷ್ಟೊಂದು ಹುಲ್ಲು ಕಂಡಾಗ ಮನಸ್ಸು ಲೆಕ್ಕ ಹಾಕಲು ಹೊರಡುತ್ತದೆ, ನಿಜ. ಒಂದು ಬೆಳ್ಳಕ್ಕಿ ಬಂದು ಷಡ್ಡಕರ ಚೆಂಡಿನ ಪಕ್ಕ ನಿಂತಿತು, ಇಲ್ಲಿ ಅಪಾಯವಿಲ್ಲ ಎಂದು ಖಾತ್ರಿ ಮಾಡಿಕೊಂಡಂತೆ. ಲೆಕ್ಕ ಅಲ್ಲಿಗೇ ನಿಂತಿತು.

ಮನೆಗೆ ಬಂದು ಚಿತ್ರಾನ್ನಕ್ಕೆ ಕೂತಾಗ ನನ್ನವಳು ಕೇಳಿದಳು: "ಎಷ್ಟು ಹೊಡೆದ್ರಿ ಭಾವ?"

"ನೂರು ದಾಟಿತಮ್ಮ."

"ಸೆಂಚುರಿ! ಹಾಗಾದ್ರೆ ಗೆದ್ರಿ."

ಈ ಆಟದಲ್ಲಿ ಕಡಿಮೆ ಸಲ ಹೊಡೆದವನೇ ಗೆಲ್ಲುವುದು ಎಂದು ಷಡ್ಡಕರು ತಾಳ್ಮೆಯಿಂದ ವಿವರಿಸಿದರು. ಅವಳು ಇನ್ನೊಂದು ಸೌಟು ಬಡಿಸುತ್ತ, "ಮನೇಲೇ ಮಲಗಿದ್ರೆ ಫಸ್ಟ್ ಬರ್ತಿದ್ರಲ್ಲ ಭಾವ" ಅಂದಳು.