ಆಟ ಆಡಿದ್ರೆ ತಿಂಗ್ಳಿಗೆ ಎಷ್ಟು ಬರುತ್ತೆ?

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ. ಕಂದಾಯದ ಲೆಕ್ಕಕ್ಕೆ ಇವೆಲ್ಲ ತುಮಕೂರು ಜಿಲ್ಲೆಯೇ. ಆದರೆ ಶಾಲೆಗಳ ಲೆಕ್ಕಕ್ಕೆ ಮಾತ್ರ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’ ಅಂತ ಬೇರೆ. ಎಸ್ಸೆಸ್ಸೆಲ್ಸಿ ರಿಸಲ್ಟು ಬಂದಾಗ ಪೇಪರಿನಲ್ಲಿ ನಮಗೆ ಪ್ರತ್ಯೇಕ ಸ್ಥಾನ ಸಿಗುತ್ತೆ. ಆಟೋಟದಲ್ಲೂ ಹಾಗೇ. ಹೋಬಳಿ ಗೆದ್ದು, ತಾಲ್ಲೂಕು ಗೆದ್ದು, ಆಮೇಲೆ ನಾಲ್ಕು ತಾಲ್ಲೂಕಿನವರು ಜಿಲ್ಲಾ ಮಟ್ಟದಲ್ಲಿ ಎದುರು ಬದುರು ನಿಲ್ಲಬೇಕು.

ಆ ಕೂಟಗಳಲ್ಲಿ ನಮ್ಮ ಹೆಣ್ಮಕ್ಕಳು ಖೋಖೋ ಆಡೋದನ್ನ ನೋಡಬೇಕು ನೀವು. ಶೂ ಇರಲ್ಲ. ಕಲ್ಲುಮಣ್ಣಿನ ಅಂಗಳ. ಕಂಬ ಸುತ್ತಿ ತಿರುಗೋ ವೇಗಕ್ಕೆ ಧೂಳು ಎದ್ದು ತೀರ್ಪುಗಾರರ ಬಿಳಿ ಅಂಗಿ ಕೆಂಪಾಗಿರುತ್ತೆ. ನಾನು ಹೈಸ್ಕೂಲಲ್ಲಿದ್ದಾಗ ನಮ್ಮ ಕ್ಲಾಸಿನ ಹುಡುಗಿಯರು ಜಿಲ್ಲಾ ಮಟ್ಟದ ಕಪ್ ತಂದಿದ್ರು. ಆ ಒಂಬತ್ತು ಜನರಲ್ಲಿ ಎಸ್ಸೆಸ್ಸೆಲ್ಸಿ ಆದ ಮೇಲೆ ಆಡಿದವರು ಒಬ್ಬರೂ ಇಲ್ಲ. ಕಾಲು ಸೋತು ನಿಲ್ಲಿಸಿದ್ದಲ್ಲ. ಮುಂದೆ ಆಡೋಕೆ ಜಾಗವೇ ಇರಲಿಲ್ಲ. ನಾಲ್ಕೈದು ವರ್ಷದಲ್ಲಿ ಒಬ್ಬೊಬ್ಬರ ಲಗ್ನಪತ್ರಿಕೆ ಬಂತು, ಅಷ್ಟೇ.

ಈ ಮಾತು ಈಗ ಯಾಕೆ ಅಂದ್ರೆ, ನನ್ನ ಅಕ್ಕನ ಮಗಳಿಗೆ ಫುಟ್ಬಾಲ್ ಹುಚ್ಚು ಹಿಡಿದಿದೆ. ನಮ್ಮ ಕಡೆ ಫುಟ್ಬಾಲ್ ಅನ್ನೋದು ಟಿವಿಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ನಡುರಾತ್ರಿ ಬರೋ ಆಟ. ಅವಳು ಓದಿದ ವಸತಿ ಶಾಲೆಗೆ ಬಂದ ಪಿಟಿ ಮೇಷ್ಟ್ರು ಒಬ್ಬರು ಖೋಖೋ ಜೊತೆಗೆ ಫುಟ್ಬಾಲನ್ನೂ ಆಡಿಸಿದ್ರಂತೆ. ಖೋಖೋದಲ್ಲಿ ಕಲಿತ ತಿರುವು, ಚೆಂಡು ಸಿಕ್ಕ ಮೇಲೆ ಇನ್ನೂ ಚುರುಕಾಯ್ತು. ಈ ವರ್ಷ ಪಿಯುಸಿ ಮುಗಿಸಿದ್ದಾಳೆ. ಬೆಂಗಳೂರಿನ ಕ್ಲಬ್ಬೊಂದರ ಆಯ್ಕೆಗೆ ನಾನೇ ಕರ್ಕೊಂಡು ಹೋಗಿದ್ದೆ. ತಂಡಕ್ಕೆ ತಗೊಂಡ್ರು. ಊರಿಗೆ ಫೋನ್ ಮಾಡಿ ಹೇಳಿದೆ. ಭಾವ ಎಲ್ಲಾ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದ್ರು.

“ಅಲ್ಲ ಕಣಪ್ಪ, ಆಟ ಆಡಿದ್ರೆ ತಿಂಗ್ಳಿಗೆ ಎಷ್ಟು ಬರುತ್ತೆ?”

ಈ ಪ್ರಶ್ನೆ ಕೇಳಿದ್ರೆ ನಗರದಲ್ಲಿ ನಾವು ‘ಅಯ್ಯೋ, ಹಳ್ಳಿ ಅಪ್ಪಂದಿರು, ಮಗಳ ಕನಸಿಗೆ ಅಡ್ಡ’ ಅಂದುಬಿಡ್ತೀವಿ. ನನಗೆ ಹಾಗನ್ನಿಸಲಿಲ್ಲ. ಭಾರತದ ಮಹಿಳಾ ಫುಟ್ಬಾಲಿನ ಎಲ್ಲಾ ಕಷ್ಟಗಳನ್ನೂ ಭಾವ ಏಳೆಂಟು ಪದದಲ್ಲಿ ಹೇಳಿಬಿಟ್ಟರು ಅನ್ನಿಸ್ತು. ‘ವೃತ್ತಿಪರ ಲೀಗ್’ ಅಂತೀವಲ್ಲ, ಅದರಲ್ಲಿ ನಾವು ನೋಡೋದು ‘ಲೀಗ್’ ಅನ್ನೋ ಪದ. ಭಾವ ನೋಡಿದ್ದು ‘ವೃತ್ತಿ’ ಅನ್ನೋದನ್ನ.

ಸಾಫ್ಟ್‌ವೇರ್ ಬುದ್ಧಿ ಎಲ್ಲಿಗೆ ಹೋಗುತ್ತೆ! ರಾತ್ರಿ ಕೂತು ಎಕ್ಸೆಲ್ ಶೀಟ್ ತೆರೆದೆ.

ನಮ್ಮ ದೇಶದ ಮಹಿಳೆಯರ ದೊಡ್ಡ ಫುಟ್ಬಾಲ್ ಲೀಗ್ ಅಂದ್ರೆ ಇಂಡಿಯನ್ ವುಮೆನ್ಸ್ ಲೀಗ್, ಐಡಬ್ಲ್ಯೂಎಲ್. ಅದರ ಮೊದಲ ಆವೃತ್ತಿಯ ಮುಖ್ಯ ಸುತ್ತು ನಡೆದದ್ದು ದೆಹಲಿಯಲ್ಲಿ, 2017ರ ಜನವರಿ 28ರಿಂದ ಫೆಬ್ರವರಿ 14ರವರೆಗೆ. ಆರು ತಂಡ. ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ ಗೆದ್ದಿತು. ಎಲ್ಲಾ ಸೇರಿ 18 ದಿನ. ನಮ್ಮ ಕಡೆ ಕೆಲವು ಜಾತ್ರೆಗಳೇ ಇದಕ್ಕಿಂತ ಹೆಚ್ಚು ದಿನ ನಡೀತವೆ. ಉಳಿದ ಹನ್ನೊಂದೂವರೆ ತಿಂಗಳು ಆ ಹುಡುಗಿಯರು ಏನು ಮಾಡಬೇಕು?

2020ರಲ್ಲಿ ಅದೇ ಲೀಗ್ ನಮ್ಮ ಬೆಂಗಳೂರಿಗೇ ಬಂದಿತ್ತು. ತಂಡಗಳು 12 ಆಗಿದ್ವು, ಆದರೆ ಆಟ ಮತ್ತೆ ಮೂರೇ ವಾರ. ಫೆಬ್ರವರಿ 14ರ ಶುಕ್ರವಾರ ಫೈನಲ್. ಕೇರಳದ ಗೋಕುಲಂ, ಮಣಿಪುರದ ಕ್ರಿಪ್ಸಾ ತಂಡವನ್ನ 3-2ರಲ್ಲಿ ಸೋಲಿಸಿತು. ಗೆಲುವಿನ ಗೋಲು ಆಟ ಮುಗಿಯೋಕೆ ಕೆಲವೇ ನಿಮಿಷ ಇದ್ದಾಗ ಬಂತು, ಹೊಡೆದವಳು ನೇಪಾಳದ ಸಬಿತ್ರಾ ಭಂಡಾರಿ. ಆ ಸಂಜೆ ನಮ್ಮ ಟೀಮಿನವರೆಲ್ಲ ಪ್ರೇಮಿಗಳ ದಿನ ಅಂತ ಬೇಗ ಹೊರಟಿದ್ರು. ಅಂಥದ್ದೊಂದು ಫೈನಲ್ ನಮ್ಮದೇ ಊರಲ್ಲಿ ನಡೀತಿದೆ ಅಂತ ಯಾರೂ ಮಾತಾಡಿದ್ದು ನನಗೆ ನೆನಪಿಲ್ಲ.

ತವರಿನಲ್ಲೊಂದು, ಎದುರಾಳಿ ಊರಲ್ಲೊಂದು ಅನ್ನೋ ಸರಿಯಾದ ಲೀಗ್ ಮಾದರಿ ಬಂದದ್ದು 2023-24ರಲ್ಲಿ. ಏಳು ತಂಡ, ಒಂದೊಂದಕ್ಕೆ 12 ಪಂದ್ಯ. ಒಡಿಶಾ ಎಫ್‌ಸಿ ಚಾಂಪಿಯನ್. ಮರುವರ್ಷ ಎಂಟು ತಂಡ, 14 ಪಂದ್ಯ, ಗೆದ್ದದ್ದು ಈಸ್ಟ್ ಬೆಂಗಾಲ್. ನಮ್ಮ ರಾಜ್ಯದಿಂದ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ಇದೆ, 2023ರಲ್ಲಿ ಫೈನಲ್‌ವರೆಗೂ ಹೋಗಿ ಗೋಕುಲಂ ಎದುರು ಸೋತಿತ್ತು.

ಈಗ ಭಾವನ ಪ್ರಶ್ನೆಗೆ ಬರೋಣ. 2023ರಲ್ಲಿ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ಒಂದು ನಿಯಮ ಘೋಷಿಸಿತು. ಲೀಗಿನ ಮೇಲ್ಮಟ್ಟದ ಕ್ಲಬ್ಬುಗಳು ತಲಾ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗಾದರೂ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿಯ ಒಪ್ಪಂದ ಕೊಡಬೇಕು ಅಂತ. ಭಾಗಾಕಾರ ಮಾಡಿದೆ. ತಿಂಗಳಿಗೆ ಇಪ್ಪತ್ತಾರು ಸಾವಿರ ಚಿಲ್ಲರೆ. ಈ ಅಂಕಿ ಎಲ್ಲೋ ನೋಡಿದಂಗಿದೆಯಲ್ಲ ಅನ್ನಿಸ್ತು. ಹೌದು, ದೊಡ್ಡ ಐಟಿ ಸರ್ವಿಸ್ ಕಂಪನಿಗಳಲ್ಲಿ ಫ್ರೆಶರ್ ಪ್ಯಾಕೇಜು ವರ್ಷಾನುಗಟ್ಟಲೆ ಸುತ್ತಾಡಿದ್ದು ಈ ಮೂರು, ಮೂರೂವರೆ ಲಕ್ಷದ ಆಸುಪಾಸಲ್ಲೇ.

ಭಾವನಿಗೆ ಹೇಳಿದೆ. “ಪರವಾಗಿಲ್ಲ, ಗಾರ್ಮೆಂಟ್ಸಿಗಿಂತ ವಾಸಿ” ಅಂದ್ರು. ಆಮೇಲೆ ಪ್ರಶ್ನೆಗಳು ಒಂದರ ಹಿಂದೊಂದು. ಆ ಹತ್ತು ಜನದಲ್ಲಿ ಇವಳು ಇರ್ತಾಳಾ? ಎಷ್ಟು ವರ್ಷಕ್ಕೆ? ಮಂಡಿ ಮುರಿದ್ರೆ ಯಾರು ನೋಡ್ಕೋತಾರೆ? ಎಲ್ಲಿ ಮಲಗ್ತಾಳೆ?

ನೋಡಿ, ನಮ್ಮ ಎಚ್‌ಆರ್ ಹತ್ರ ನಾವು ಕೇಳೋದೂ ಇದನ್ನೇ. ಇಂಗ್ಲಿಷಿನಲ್ಲಿ ಕೇಳ್ತೀವಿ, ಅಷ್ಟೇ ವ್ಯತ್ಯಾಸ. ಮಂಡಿಯ ಮಾತಂತೂ ತಮಾಷೆಯಲ್ಲ. ಮಂಡಿಯೊಳಗಿನ ಎಸಿಎಲ್ ಅನ್ನೋ ಕಟ್ಟು ಹರಿಯೋ ಅಪಾಯ ಗಂಡು ಆಟಗಾರರಿಗಿಂತ ಹೆಣ್ಮಕ್ಕಳಿಗೆ ಎರಡು ಪಟ್ಟಿಗೂ ಹೆಚ್ಚು. ಹರಿದ್ರೆ ಆಪರೇಷನ್ನು, ಆಮೇಲೆ ಒಂಬತ್ತು ತಿಂಗಳು, ವರ್ಷದ ವಿಶ್ರಾಂತಿ. ಹುಲ್ಲಿಲ್ಲದ ಗಟ್ಟಿ ನೆಲದಲ್ಲಿ ಆಡಿ ಬೆಳೆದ ಕಾಲು ಇವಳದ್ದು. ಹುಲ್ಲು ಬೆಳೆಸಿ ಅಂತ ಕೇಳೋಕೂ ಆಗಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. ಅಲ್ಲಿ ಬಿಸಿಲಿಗೆ ಬರವಿಲ್ಲ. ಕುಡಿಯೋ ನೀರಿಗೆ ಕ್ಯಾನು ಹಿಡಿದು ಸಾಲು ನಿಲ್ಲೋ ಊರಲ್ಲಿ ಮೈದಾನಕ್ಕೆ ಸ್ಪ್ರಿಂಕ್ಲರ್ ಹಾಕ್ತೀವಿ ಅಂದ್ರೆ ಜನ ಸುಮ್ನೆ ಬಿಡ್ತಾರಾ?

ಈ ವಿಷಯ ಆಫೀಸಿನ ಕ್ಯಾಂಟೀನಿನಲ್ಲಿ ಎತ್ತಿದ್ರೆ ಸಿಗೋ ಉತ್ತರ ಒಂದೇ: ‘ನೋಡೋರಿಲ್ಲ ಗುರೂ, ಅದಕ್ಕೇ ದುಡ್ಡಿಲ್ಲ.’ ಕೇಳೋಕೆ ಸರಿ ಅನ್ಸುತ್ತೆ. ಆದರೆ 1920ರ ಡಿಸೆಂಬರ್ 26ರಂದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹೆಣ್ಮಕ್ಕಳ ಫುಟ್ಬಾಲ್ ಪಂದ್ಯ ನೋಡೋಕೆ 53,000 ಜನ ಸೇರಿದ್ರು. ಆಡಿದವರು ಫ್ಯಾಕ್ಟರಿ ಕೆಲಸದ ಹುಡುಗಿಯರು, ಡಿಕ್ ಕೆರ್ ಲೇಡೀಸ್ ಅನ್ನೋ ತಂಡ. ಒಂದು ವರ್ಷ ತುಂಬೋದ್ರೊಳಗೆ, 1921ರ ಡಿಸೆಂಬರ್‌ನಲ್ಲಿ, ಇದು ಹೆಂಗಸರಿಗೆ ಸಲ್ಲದ ಆಟ ಅಂತ ಅಲ್ಲಿನ ಫುಟ್ಬಾಲ್ ಸಂಸ್ಥೆ ತನ್ನ ಮೈದಾನಗಳ ಬಾಗಿಲು ಹಾಕಿತು. ಆ ನಿಷೇಧ ತೆಗೆಯೋಕೆ ಸುಮಾರು 50 ವರ್ಷ ಬೇಕಾಯ್ತು. ಅಂದ್ರೆ ನೋಡೋರು ಇದ್ರು, ಮೈದಾನ ಕೊಡೋರು ಇರಲಿಲ್ಲ.

ಸರಿ, ದುಡ್ಡು ಸುರಿದ್ರೆ ಲೀಗ್ ನಿಲ್ಲುತ್ತಾ? ಅಮೆರಿಕದವರು ಅದನ್ನೂ ಮಾಡಿ ನೋಡಿದ್ರು. 1999ರ ಮಹಿಳಾ ವಿಶ್ವಕಪ್ ಫೈನಲ್‌ಗೆ ಅಲ್ಲಿ 90,000ಕ್ಕೂ ಹೆಚ್ಚು ಜನ ಸೇರಿದ್ರು. ಆ ಹುರುಪಿನಲ್ಲಿ 2001ರಲ್ಲಿ ಭರ್ಜರಿ ಲೀಗ್ ಶುರುವಾಯ್ತು. ಐದು ವರ್ಷಕ್ಕೆ ಅಂತ ಇಟ್ಟುಕೊಂಡಿದ್ದ 4 ಕೋಟಿ ಡಾಲರ್ ಒಂದೇ ವರ್ಷದಲ್ಲಿ ಖಾಲಿ. ಮೂರು ಸೀಸನ್ನಿಗೆ, 2003ರಲ್ಲಿ, ಬಾಗಿಲು ಹಾಕಿದ್ರು. 2009ರಲ್ಲಿ ಎರಡನೇ ಲೀಗ್. ಅದೂ ಮೂರು ಸೀಸನ್. 2013ರಲ್ಲಿ ಮೂರನೆಯದು ಹುಟ್ಟಿತು, ಎನ್‌ಡಬ್ಲ್ಯೂಎಸ್‌ಎಲ್. ಅದು ಬಡವರ ಮನೆ ಮದುವೆ ಥರ ಶುರುವಾಯ್ತು. ಕೆಳಗಿನ ಹಂತದ ಆಟಗಾರ್ತಿಗೆ ಇಡೀ ಸೀಸನ್ನಿಗೆ 6,000 ಡಾಲರ್. ರಾಷ್ಟ್ರೀಯ ತಂಡದವರ ಸಂಬಳ ಮಾತ್ರ ಆಯಾ ದೇಶದ ಫುಟ್ಬಾಲ್ ಸಂಸ್ಥೆಗಳೇ ಕೊಟ್ಟವು. ಆ ಲೀಗ್ ಇವತ್ತಿಗೂ ಇದೆ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಮೊದಲೆರಡು ವರ್ಷನ್ ಕ್ರ್ಯಾಶ್ ಆಗಿ ಮೂರನೆಯದು ನಿಂತಿತು. ಎರಡು ಸಲ ಬಿದ್ದರೂ ಅವರು ಪ್ರಾಜೆಕ್ಟ್ ಮುಚ್ಚಲಿಲ್ಲ ಅನ್ನೋದು ಇಲ್ಲಿ ಮುಖ್ಯ.

“ಮತ್ತೆ ನಮ್ಮ ಆರ್‌ಸಿಬಿ ಹುಡುಗೀರು?” ಅಂತ ನೀವು ಕೇಳಬಹುದು. 2024ರ ಮಾರ್ಚ್‌ನಲ್ಲಿ ಸ್ಮೃತಿ ಮಂಧಾನಾ ಕಪ್ ಎತ್ತಿದಾಗ, ನಮ್ಮ ಶ್ರೇಯಾಂಕಾ ಪಾಟೀಲ್ ನಾಲ್ಕು ವಿಕೆಟ್ ಕಿತ್ತಾಗ, ಭಾವನೂ ಟಿವಿ ಮುಂದೆ ಕುಣಿದವರೇ. ಆದರೆ ಮಹಿಳಾ ಪ್ರೀಮಿಯರ್ ಲೀಗ್ ಸೊನ್ನೆಯಿಂದ ಶುರುವಾಗಲಿಲ್ಲ. 2008ರಿಂದ ನಡೀತಿದ್ದ ಐಪಿಎಲ್‌ನ ಹೆಸರು, ಅಭಿಮಾನಿಗಳು, ಟಿವಿ ಎಲ್ಲಾ ಅಲ್ಲಿ ತಯಾರಿತ್ತು. ಐದು ತಂಡಗಳು ಸುಮಾರು 4,670 ಕೋಟಿಗೆ ಮಾರಾಟವಾದ್ವು. ಫುಟ್ಬಾಲಿನಲ್ಲಿ ಆ ಥರ ಬೆನ್ನಿಗೆ ನಿಲ್ಲೋ ಅಣ್ಣನೇ ಗಟ್ಟಿಯಿಲ್ಲ. 2025ರ ಜುಲೈನಲ್ಲಿ ಗಂಡಸರ ಐಎಸ್‌ಎಲ್ ಸೀಸನ್ನನ್ನೇ ತಡೆಹಿಡಿದಿದ್ರು.

ಅಣ್ಣ ಎಡವಿದ್ರೆ ಮೊದಲು ಏಟು ಬೀಳೋದು ತಂಗಿಗೆ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಸುನಿಲ್ ಚೆಟ್ರಿ ಹೊಡೆದ ಫ್ರೀಕಿಕ್ ಗಲಾಟೆ ನೆನಪಿರಬೇಕು. ಸಿಟ್ಟಾದ ಕೇರಳ ಬ್ಲಾಸ್ಟರ್ಸ್ ಪಂದ್ಯದ ಮಧ್ಯದಲ್ಲೇ ಹೊರನಡೆಯಿತು. 4 ಕೋಟಿ ದಂಡ ಬಿತ್ತು. ಜೂನ್‌ನಲ್ಲಿ ಆ ಕ್ಲಬ್ಬು ಹಣಕಾಸಿನ ಕಾರಣ ಕೊಟ್ಟು ತನ್ನ ಮಹಿಳಾ ತಂಡವನ್ನ ತಾತ್ಕಾಲಿಕವಾಗಿ ನಿಲ್ಲಿಸಿತು. ಮೈದಾನ ಬಿಟ್ಟು ಹೋದವರು ಗಂಡಸರು, ಕೆಲಸ ಕಳ್ಕೊಂಡವರು ಹೆಣ್ಮಕ್ಕಳು. ಅದರ ಹಿಂದಿನ ವರ್ಷ ಇನ್ನೊಂದು ಕಥೆ. ಏಷ್ಯಾದ ಕ್ಲಬ್ ಟೂರ್ನಿ ಆಡೋಕೆ ಗೋಕುಲಂ ಹುಡುಗಿಯರು ತಾಷ್ಕೆಂಟ್‌ವರೆಗೂ ಹೋಗಿದ್ರು. ಅಷ್ಟರಲ್ಲಿ ಆಡಳಿತದ ಜಗಳಕ್ಕೆ ಫಿಫಾ ನಮ್ಮ ಫೆಡರೇಷನ್ನನ್ನೇ ಅಮಾನತು ಮಾಡಿತು. ಒಂದೂ ಪಂದ್ಯ ಆಡದೆ ವಾಪಸ್ ಬಂದ್ರು.

ಇದನ್ನೆಲ್ಲಾ ಓದ್ತಾ ನನಗೆ ನೆನಪಾಗಿದ್ದು ನಮ್ಮಪ್ಪ. ನನ್ನ ಬಿಇಗೆ ಅಂತ ಅಪ್ಪ ಎರಡು ಹಸು ಮಾರಿ, ಸೊಸೈಟಿಯಲ್ಲಿ ಸಾಲ ಮಾಡಿದ್ರು. ನಾಲ್ಕು ವರ್ಷ ಒಂದು ರೂಪಾಯಿ ವಾಪಸ್ ಬರಲಿಲ್ಲ. ಅಪ್ಪನಿಗೆ ಕಂಪ್ಯೂಟರ್ ಸೈನ್ಸ್ ಅಂದ್ರೆ ಏನು ಅಂತ ಗೊತ್ತಿರಲಿಲ್ಲ. ಆದರೂ ಧೈರ್ಯ ಮಾಡಿದ್ದು ಹೇಗೆ? ಪಕ್ಕದೂರಿನ ಹುಡುಗನೊಬ್ಬ ನನಗಿಂತ ಆರು ವರ್ಷ ಮುಂಚೆ ಬಿಇ ಮಾಡಿ, ಕೆಲಸ ಸೇರಿ, ಹಬ್ಬಕ್ಕೆ ಬಂದವನು ಅವರಪ್ಪನ ಸಾಲ ತೀರಿಸಿ ಹೋಗಿದ್ದ. ಅಪ್ಪ ನಂಬಿದ್ದು ನನ್ನ ಬುದ್ಧಿವಂತಿಕೆಯನ್ನಲ್ಲ, ಆ ಹುಡುಗ ಸವೆಸಿಟ್ಟ ದಾರಿಯನ್ನ.

ಭಾವನಿಗೆ ಮಗಳ ಮೇಲೆ ಪ್ರೀತಿ ನಮ್ಮಪ್ಪನಿಗೆ ನನ್ನ ಮೇಲಿದ್ದುದಕ್ಕಿಂತ ಕಡಿಮೆಯೇನಲ್ಲ. ಆದರೆ ನಾಲ್ಕು ತಾಲ್ಲೂಕು ಜಾಲಾಡಿದ್ರೂ ಫುಟ್ಬಾಲ್ ಆಡಿ ಅಪ್ಪನ ಸಾಲ ತೀರಿಸಿದ ಹುಡುಗಿಯನ್ನ ಅವರಿಗೆ ತೋರಿಸೋಕೆ ನನ್ನಿಂದ ಆಗಲ್ಲ. ಮಣಿಪುರದಲ್ಲಿ ತೋರಿಸಬಹುದು. ಅಲ್ಲಿಯ ಬಾಲಾ ದೇವಿ 2020ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಸೇರಿದಾಗ, ಸಾವಿರಾರು ಅಪ್ಪಂದಿರಿಗೆ ಒಂದು ದಾರಿ ಕಂಡಿತು. 2025ರ ಜುಲೈನಲ್ಲಿ ನಮ್ಮ ಹುಡುಗಿಯರು ಥಾಯ್ಲೆಂಡನ್ನ ಅವರದೇ ನೆಲದಲ್ಲಿ 2-1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆದ್ರು. ಆ ದಾರಿ ಇನ್ನಷ್ಟು ಸವೆಯಿತು. ಅದು ಮಧುಗಿರಿ ತನಕ ಬರಬೇಕು, ಅಷ್ಟೇ.

ಲೀಗ್ ಶುರು ಮಾಡೋದು ಅಂದ್ರೆ ನನ್ನ ಪ್ರಕಾರ ಇದೇ. ಪಟಾಕಿ, ಲೋಗೋ, ಸಿನಿಮಾ ನಟಿ ಬಂದು ಚೆಂಡು ಒದೆಯೋದು, ಇವೆಲ್ಲಾ ಒಂದು ಸಂಜೆಯ ಕೆಲಸ. ತಿಂಗಳಿಗೆ ಎಷ್ಟು, ಎಷ್ಟು ವರ್ಷ, ಮಂಡಿ ಹೋದ್ರೆ ಏನು, ಎಲ್ಲಿ ಮಲಗ್ತಾಳೆ ಅನ್ನೋ ನಾಲ್ಕು ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಸಿಗೋ ದಿನವೇ ಲೀಗ್ ನಿಜವಾಗಿ ಶುರುವಾಗೋದು.

ಸದ್ಯಕ್ಕೆ ನಮ್ಮ ಹುಡುಗಿಗೆ ಸಿಕ್ಕಿರೋದು ಬಸ್ ಚಾರ್ಜು, ಒಂದು ಜೊತೆ ಬೂಟು, ಪಂದ್ಯದ ದಿನ ಊಟ. 3.2 ಲಕ್ಷದ ಪಟ್ಟಿ ಇನ್ನೂ ದೂರ. ಬೆಂಗಳೂರಲ್ಲಿ ಬಿಕಾಂಗೆ ಸೇರಿದ್ದಾಳೆ, ನಮ್ಮ ಮನೆಯಲ್ಲೇ ಇದ್ದಾಳೆ. ಬೆಳಗ್ಗೆ ಐದಕ್ಕೆ ಪ್ರಾಕ್ಟೀಸು. ನಾಲ್ಕನೇ ಪ್ರಶ್ನೆಗೆ ಉತ್ತರ ನಾನು ಕೊಟ್ಟಾಯ್ತು. ಉಳಿದ ಮೂರು ನನ್ನ ಕೈಲಿಲ್ಲ. ಭಾವ ಮೂರು ವರ್ಷ ಟೈಮ್ ಕೊಟ್ಟಿದ್ದಾರೆ. “ಡಿಗ್ರಿ ಮುಗಿಯೋವರ್ಗೂ ಗಂಡು ನೋಡಲ್ಲ. ಅಷ್ಟರಲ್ಲಿ ಸಂಬಳದ ಆಟ ಅಂತ ತೋರಿಸ್ಲಿ” ಅಂದಿದ್ದಾರೆ.

ಮೂರು ವರ್ಷದಲ್ಲಿ ಅವಳು ಸಿದ್ಧವಾಗ್ತಾಳೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಲೀಗ್ ಸಿದ್ಧವಾಗುತ್ತಾ ಅನ್ನೋದೇ ನನ್ನ ಚಿಂತೆ.