ಮಿಕ್ಸಿಯ ಖುಲಾಸೆ

ಇಂಗ್ಲೆಂಡಿನ ಕ್ಯಾಂಪ್‌ಸೈಟಿನಲ್ಲಿ ಇಬ್ಬರು ಮೋಟಾರ್‌ಹೋಮಿನವರು ಎದುರಾದರೆ ಮೊದಲ ಮಾತು ಮಳೆಯದು, ಎರಡನೆಯದು ಬ್ಯಾಟರಿಯದು. ‘ನಿಮ್ಮದು ಎಷ್ಟು ಆಂಪಿಯರ್-ಅವರ್?’ ಎಂದು ಅವರು ವಿಚಾರಿಸುವ ಧಾಟಿ ಥೇಟ್ ನಮ್ಮೂರಲ್ಲಿ ಗಂಡಿನ ಕಡೆಯವರಿಗೆ ಎಷ್ಟು ಎಕರೆ ಎಂದು ಕೇಳುವ ಹಾಗೆಯೇ. ನಮ್ಮದು ನೂರು. ಅಷ್ಟು ಹೇಳಿದರೆ ಯಾರೂ ಬೆರಗಾಗುವುದಿಲ್ಲ. ಆದರೆ ಅದೇ ನೂರರಲ್ಲಿ ನಾವು ಮಿಕ್ಸಿ ಓಡಿಸುತ್ತೇವೆ ಎಂದ ಕೂಡಲೆ ಎದುರಿನವರ ಹುಬ್ಬು ಮೇಲೇರುತ್ತದೆ.

ಮಿಕ್ಸಿ ಇಲ್ಲದೆ ನನ್ನ ಹೆಂಡತಿ ಪ್ರವಾಸ ಹೊರಡುವವಳಲ್ಲ. ಸ್ಕಾಟ್ಲೆಂಡಿನ ಯಾವುದೋ ಸರೋವರದ ದಡದಲ್ಲಿ, ಜುಲೈ ತಿಂಗಳಲ್ಲೂ ಸ್ವೆಟರ್ ಹಾಕಿಕೊಂಡು, ದೋಸೆ ಹುಯ್ಯಬೇಕು. ದೋಸೆಯಾದ ಮೇಲೆ ಚಟ್ನಿ ಬೇಕು. ಬಾಟಲಿಯ ಚಟ್ನಿ ಚಟ್ನಿಯಲ್ಲ. ಹೀಗಾಗಿ 750 ವ್ಯಾಟಿನ ಮಿಕ್ಸಿ ನಮ್ಮ ವ್ಯಾನಿನ ಖಾಯಂ ಪ್ರಯಾಣಿಕ. ಅದು ಗುರ್ ಎಂದಾಗ ಬಾಗಿಲ ಮೇಲಿನ ಕಂಟ್ರೋಲ್ ಪ್ಯಾನೆಲ್ಲಿನ ಹಸಿರು ದೀಪ ಹಳದಿಗೆ ತಿರುಗುತ್ತದೆ, ಇನ್ನಷ್ಟು ರುಬ್ಬಿದರೆ ಕೆಂಪು. ಇದನ್ನು ಕಣ್ಣಾರೆ ಕಂಡ ಪಕ್ಕದ ವ್ಯಾನಿನ ಹಿರಿಯರೊಬ್ಬರು ಅಲ್ಲೇ ತೀರ್ಪು ಕೊಟ್ಟರು: ನಿಮ್ಮ ಬ್ಯಾಟರಿಯನ್ನು ಕೊಲ್ಲುತ್ತಿರುವುದು ಈ ಯಂತ್ರವೇ.

ಬ್ಯಾಟರಿ ಸೊರಗುತ್ತಿದ್ದದ್ದು ನಿಜ. ಛಾವಣಿಯ ಮೇಲೆ ನೂರು ವ್ಯಾಟಿನ ಸೋಲಾರ್ ಪ್ಯಾನೆಲ್ ಇತ್ತು, ಬೇಸಿಗೆಯ ಉದ್ದನೆಯ ಹಗಲೂ ಇತ್ತು. ಆದರೂ ಬೆಳಗಿನ ಹೊತ್ತಿಗೆ ಹೀಟರಿನ ಫ್ಯಾನು ಕುಂಟತೊಡಗುತ್ತಿತ್ತು.

ಬ್ಯಾಟರಿ ದಣಿಯುತ್ತಿರುವುದೇಕೆಂದು ತಿಳಿಯದೆ ತಲೆ ಕೆರೆದುಕೊಳ್ಳುವಾಗ ನನಗೆ ನೆನಪಾದದ್ದು ಕುದುರೆ ಬಂಡಿಯ ಕಾಲದ ನೆರೆಯೂರಿನವನೊಬ್ಬ. ನಾವಿರುವುದು ರೆಡಿಂಗ್‌ನಲ್ಲಿ. ಲಂಡನ್ ಕಡೆಗೆ ರೈಲು ಹತ್ತಿದರೆ ಮುಂದಿನ ಊರು ಟ್ವೈಫರ್ಡ್. ಬ್ರಿಟನ್ನಿನಲ್ಲಿ ಮನೆಯನ್ನೇ ಚಕ್ರದ ಮೇಲಿಟ್ಟುಕೊಂಡು ಬರೀ ಸಂತೋಷಕ್ಕಾಗಿ ತಿರುಗುವ ಗೀಳನ್ನು ಹಚ್ಚಿಸಿದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ಮಹಾಶಯ ಆ ಊರಿನಲ್ಲಿದ್ದವನು. ನೌಕಾಪಡೆಯಲ್ಲಿ ವೈದ್ಯನಾಗಿದ್ದು ನಿವೃತ್ತನಾಗಿ, ಹುಡುಗರಿಗಾಗಿ ಸಾಹಸದ ಕಥೆ ಬರೆಯುತ್ತಿದ್ದ. 1885ರಲ್ಲಿ ಬ್ರಿಸ್ಟಲ್ ವ್ಯಾಗನ್ ವರ್ಕ್ಸ್‌ನವರಿಂದ ‘ವಾಂಡರರ್’ ಎಂಬ ಬಂಡಿ ಕಟ್ಟಿಸಿಕೊಂಡು ಉತ್ತರದ ಇನ್ವರ್ನೆಸ್ ತನಕ ಹೋದ. ಬಂಡಿಯ ತೂಕ ಸುಮಾರು ಎರಡು ಟನ್. ಎಳೆಯಲು ಎರಡು ಕುದುರೆ, ಹೊಡೆಯಲು ಒಬ್ಬ ಸಾರಥಿ, ಜೊತೆಗೊಂದು ದೊಡ್ಡ ನಾಯಿ. ಎದುರಿನಿಂದ ಬರುವವರನ್ನು ಎಚ್ಚರಿಸಲು ಮೂರು ಚಕ್ರದ ಸೈಕಲ್ಲಿನಲ್ಲಿ ಮುಂದೆ ಮುಂದೆ ಹೋಗುವ ಆಳು. ಸಂಜೆಯಾಗುತ್ತಿದ್ದಂತೆ ಕುದುರೆಗಳಿಗೆ ಲಾಯ ಹುಡುಕುವುದೇ ಅವರಿಗೆ ದೊಡ್ಡ ಕೆಲಸ. ಕುದುರೆ ದಣಿದರೆ ಅದರ ಕುತ್ತಿಗೆ, ನಡಿಗೆ, ಬೆವರು ಎಲ್ಲವೂ ಸಾರಿ ಹೇಳುತ್ತವೆ. ಸೀಟಿನ ಕೆಳಗಿನ ಕಪ್ಪು ಡಬ್ಬಿಗೆ ಆ ಸೌಜನ್ಯವಿಲ್ಲ.

ಹಾಗಂತ ಡಬ್ಬಿಯೇನೂ ಸ್ಟೇಬಲ್ಸನ ಕಾಲಕ್ಕೆ ಹೊಸದಾಗಿರಲಿಲ್ಲ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲೇ ಎರಡು ಸೀಸದ ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ತುಂಬಬಹುದಾದ ಬ್ಯಾಟರಿ ಮಾಡಿದ್ದ. ಇಪ್ಪತ್ತೆರಡು ವರ್ಷಗಳ ನಂತರ ಕಮೀಲ್ ಫೋರ್ ಸೀಸದ ಹಾಳೆಗೆ ಸೀಸದ ಆಕ್ಸೈಡನ್ನೇ ಮೆತ್ತಿ ಅದರ ಸಾಮರ್ಥ್ಯ ಹೆಚ್ಚಿಸಿದ. ಆ ವರ್ಷವೇ, ಅಂದರೆ 1881ರಲ್ಲಿ, ಫೋರ್‌ನ ಬ್ಯಾಟರಿಯ ಪೆಟ್ಟಿಗೆಯೊಂದು ಪ್ಯಾರಿಸ್ಸಿನಲ್ಲಿ ವಿದ್ಯುತ್ತು ತುಂಬಿಸಿಕೊಂಡು ಗ್ಲಾಸ್ಗೋಗೆ ಪ್ರಯಾಣ ಮಾಡಿತು. ಅಲ್ಲಿ ಅದನ್ನು ಪರೀಕ್ಷಿಸಿದವರು ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್. ಹತ್ತು ಲಕ್ಷ ಫುಟ್-ಪೌಂಡ್ ಶಕ್ತಿ ಪೆಟ್ಟಿಗೆಯೊಳಗೆ ಕೂತು ಸಮುದ್ರ ದಾಟಿ ಬಂದಿದೆ ಎಂದು ಪತ್ರಿಕೆಗಳಲ್ಲಿ ಗುಲ್ಲೋ ಗುಲ್ಲು. ಆ ಹತ್ತು ಲಕ್ಷವನ್ನು ಇಂದಿನ ಲೆಕ್ಕಕ್ಕೆ ಇಳಿಸಿದರೆ 12 ವೋಲ್ಟಿನಲ್ಲಿ 31 ಆಂಪಿಯರ್-ಅವರ್. ನಮ್ಮ ವ್ಯಾನಿನ ಬ್ಯಾಟರಿಯ ಮೂರನೇ ಒಂದು ಪಾಲೂ ಇಲ್ಲ. ಆಗ ಲೋಕವೇ ಬೆರಗಾದದ್ದನ್ನು ಇಟ್ಟುಕೊಂಡು ನಾವಿಂದು ಒಂದು ರಾತ್ರಿ ಕಳೆಯುವುದೂ ಕಷ್ಟ.

ನಮ್ಮ ಬ್ಯಾಟರಿಯೂ ಅದೇ ಸೀಸ, ಅದೇ ಆಮ್ಲ. ಎಂಜಿನ್ನಿನ ಬ್ಯಾಟರಿಗೆ ತೆಳು ಫಲಕಗಳು. ಒಂದು ಕ್ಷಣ ಜೋರಾಗಿ ಒದ್ದು ಸುಮ್ಮನಾಗುವುದು ಅದರ ಕಸುಬು. ವ್ಯಾನಿನ ಸಂಸಾರ ನಡೆಸುವ ಲೀಷರ್ ಬ್ಯಾಟರಿಯ ಫಲಕ ದಪ್ಪ. ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪ ಕೊಡುವುದು ಅದರ ಸ್ವಭಾವ. ಆದರೂ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅರೆಹೊಟ್ಟೆಯಲ್ಲೇ ದಿನಗಟ್ಟಲೆ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಕೂರುತ್ತದೆ. ಆಮೇಲೆ ಎಷ್ಟು ಬಿಸಿಲು ಸುರಿದರೂ ಅದು ಪೂರ್ತಿ ಕರಗದು.

ಇನ್ನು ಅರ್ಧ ಇಳಿದಿದೆ ಎಂದು ತಿಳಿಯುವುದು ಹೇಗೆ? ತುಂಬಿದ್ದರೆ 12.7 ವೋಲ್ಟ್, ಅರ್ಧವಾದರೆ 12.2 ಎಂದು ಪುಸ್ತಕ ಹೇಳುತ್ತದೆ. ಆದರೆ ಈ ಅಂಕಿಗಳು ನಿಜವಾಗುವುದು ಬ್ಯಾಟರಿ ಕೆಲವು ಗಂಟೆ ಏನನ್ನೂ ಕೊಡದೆ, ಏನನ್ನೂ ಪಡೆಯದೆ ವಿಶ್ರಮಿಸಿದ್ದಾಗ ಮಾತ್ರ. ಮಿಕ್ಸಿ ಓಡುವಾಗ ವೋಲ್ಟೇಜು ಧಸಕ್ಕನೆ ಕುಸಿಯುತ್ತದೆ, ನಿಲ್ಲಿಸಿದರೆ ಮತ್ತೆ ಮೇಲೇಳುತ್ತದೆ. ಹಗಲಲ್ಲಿ ನೋಡೋಣವೆಂದರೆ ಸೋಲಾರ್ ನಿಯಂತ್ರಕವು ತನ್ನ 14.4 ವೋಲ್ಟನ್ನೇ ತೋರಿಸುತ್ತದೆ. ಸೂರ್ಯ ಹುಟ್ಟುವ ಮುಂಚೆ ನೋಡಬೇಕು. ಜೂನ್ ತಿಂಗಳ ಸ್ಕಾಟ್ಲೆಂಡಿನಲ್ಲಿ ಅದಕ್ಕಾಗಿ ನಾಲ್ಕು ಗಂಟೆಗೇ ಏಳಬೇಕು. ಹಳದಿ–ಕೆಂಪು ದೀಪದ ಸಾಕ್ಷ್ಯವನ್ನು ನಂಬಿ ಮಿಕ್ಸಿಯನ್ನು ಗಲ್ಲಿಗೇರಿಸುವುದು ನನಗೆ ಸರಿಬರಲಿಲ್ಲ.

ಕೊನೆಗೆ ಷಂಟ್ ಇರುವ ಮೀಟರೊಂದನ್ನು ತಂದು ಕೂರಿಸಿದೆವು. ಷಂಟ್ ಎಂದರೆ ಬ್ಯಾಟರಿಯ ನೆಗೆಟಿವ್ ತಂತಿಯ ದಾರಿಯಲ್ಲಿ ಕೂತ ಒಂದು ಲೋಹದ ತುಂಡು. ಅದರ ಮೂಲಕ ಹಾಯುವ ಕರೆಂಟಿಗೆ ತಕ್ಕಂತೆ ಎರಡು ತುದಿಗಳ ನಡುವೆ ಕೆಲವು ಮಿಲಿವೋಲ್ಟ್ ವ್ಯತ್ಯಾಸ ಹುಟ್ಟುತ್ತದೆ; ಮೀಟರು ಅದನ್ನು ಎಡೆಬಿಡದೆ ಅಳೆದು, ಬಂದದ್ದೆಷ್ಟು ಹೋದದ್ದೆಷ್ಟು ಎಂದು ಕೂಡಿ ಕಳೆಯುತ್ತದೆ. ಮಾರನೆಯ ಬೆಳಿಗ್ಗೆ ವಿಚಾರಣೆ. ಹುರಿಗಡಲೆ, ತೆಂಗಿನಕಾಯಿ, ಹಸಿಮೆಣಸು ಜಾರಿಗೆ ಬಿದ್ದವು. ಮೀಟರಿನ ಅಂಕಿ 60 ಆಂಪಿಯರ್ ದಾಟಿತು. ಎರಡು ನಿಮಿಷದ ಆರ್ಭಟ ಮುಗಿದ ಮೇಲೆ ನೋಡಿದರೆ ಒಟ್ಟು ಖರ್ಚು ಎರಡು ಆಂಪಿಯರ್-ಅವರ್ ಚಿಲ್ಲರೆ. ರಭಸವಾಗಿ ಎಳೆದರೆ ಸೀಸದ ಬ್ಯಾಟರಿ ಒಟ್ಟಿನಲ್ಲಿ ಕಡಿಮೆ ಕೊಡುತ್ತದೆ ಎಂದು ಜರ್ಮನಿಯ ಪಾಯ್ಕರ್ಟ್ 1897ರಲ್ಲೇ ತೋರಿಸಿದ್ದಾನೆ, ನಿಜ. ಆ ದಂಡ ಸೇರಿಸಿದರೂ ಚಟ್ನಿ ಅಪರಾಧವಾಗುವುದಿಲ್ಲ.

ಹಾಗಾದರೆ ತಿಂದವರು ಯಾರು? ಟಿವಿ ಆಂಟೆನಾದ ಬೂಸ್ಟರು, ಕಿರುಬೆರಳಿನ ಉಗುರಿನಷ್ಟು ಕೆಂಪು ದೀಪ ಉರಿಸಿಕೊಂಡು, ಟಿವಿ ಹಾಕದಿದ್ದರೂ ದಿನಕ್ಕೆ ಒಂದು ಮಿಕ್ಸಿಯಷ್ಟು ತಿನ್ನುತ್ತಿತ್ತು. ಹೀಟರಿನ ಫ್ಯಾನು ರಾತ್ರಿಗೆ ಹನ್ನೆರಡು. ನಿಜವಾದ ಕಳ್ಳ ಸಿಕ್ಕಿದ್ದು ಹಾಸಿಗೆಯ ಕೆಳಗೆ: ಬ್ಯಾಟರಿಯ ವಿದ್ಯುತ್ತನ್ನು ಮಿಕ್ಸಿಗೆ ಒಗ್ಗುವ ಮನೆಯ ವಿದ್ಯುತ್ತಾಗಿಸುವ ಇನ್ವರ್ಟರು. ವ್ಯಾನಿನ ಹಿಂದಿನ ಮಾಲೀಕರು ಅದನ್ನು ಸದಾ ಚಾಲೂ ಇರುವಂತೆ ಜೋಡಿಸಿದ್ದರು. ಮಿಕ್ಸಿ ಯಾವಾಗ ಬರುತ್ತದೋ ಎಂದು ಕಾಯುತ್ತಾ, ಸದ್ದಿಲ್ಲದೆ, ಗಂಟೆಗೆ ಸುಮಾರು ಒಂದು ಆಂಪಿಯರ್-ಅವರ್ ನುಂಗುತ್ತಿತ್ತು. ದಿನಕ್ಕೆ ಇಪ್ಪತ್ತನಾಲ್ಕು! ಬಳಸಬಹುದಾದ ಐವತ್ತರಲ್ಲಿ ಅರ್ಧ ಈ ಕಾಯುವಿಕೆಗೇ ಸಂದಾಯ. ಕೆಲಸ ಮಾಡಿದವನಿಗೆ ಬೈಗುಳ, ಕೆಲಸಕ್ಕೆ ತಯಾರಾಗಿ ಕೂತವನಿಗೆ ಊಟ. ಮನುಷ್ಯರ ಕಚೇರಿಗಳಲ್ಲಿ ಮಾತ್ರ ಹೀಗೆಂದು ನಾನು ತಿಳಿದಿದ್ದೆ.

ತೀರ್ಪು ಕೊಟ್ಟ ಹಿರಿಯರು ಖುಲಾಸೆಯನ್ನು ಒಪ್ಪಿದರು. ಆದರೆ ಹೊಸ ಸಲಹೆ ತಂದರು: ಸೀಸ ಬಿಡಿ, ಲಿಥಿಯಂ ಹಾಕಿಸಿ. ವ್ಯಾನುಗಳಿಗೆ ಹಾಕುವುದು ಲಿಥಿಯಂ ಕಬ್ಬಿಣದ ಫಾಸ್ಫೇಟ್ ಬಗೆಯದು. ಅದರ ಜಾತಕ ಹುಡುಕಿದಾಗ ಸಿಕ್ಕಿದ ಮೂಲ ಪ್ರಬಂಧ 1997ರದು, ಟೆಕ್ಸಾಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದ್ದು. ಲೇಖಕರು ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ನಡುವಿನ ಹೆಸರು ನೋಡಿ ನನ್ನ ಹೆಂಡತಿಗೆ ನಂಜನಗೂಡಿನ ರಸಬಾಳೆಯ ಪರಿಮಳವೇ ಬಂದಂತಾಯಿತು. ಲಿಥಿಯಮ್ಮಿನ ಪರ ಅವಳ ಮತ ಅಲ್ಲಿಗೆ ಖಚಿತ. ಅದರ ಗುಣಗಳೂ ಸಣ್ಣವಲ್ಲ: ಹಗುರ, ಬಹುಪಾಲು ಬರಿದಾಗಿಸಿದರೂ ಮುನಿಯದು. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದಕ್ಕೆ ಚಾರ್ಜ್ ಕೊಡಬಾರದು. ಶೇಕಡಾ ಎಂಬತ್ತರಿಂದ ಇಪ್ಪತ್ತರ ತನಕ ವೋಲ್ಟೇಜು ಅಲುಗುವುದೇ ಅಪರೂಪವಾದ್ದರಿಂದ ಮೀಟರಿಲ್ಲದೆ ಅದರ ಮನಸ್ಸು ಯಾರಿಗೂ ತಿಳಿಯದು.

ನನ್ನ ತಕರಾರು ಬಿಸಿಲಿನದು. ಮೈಸೂರಿನಲ್ಲಿ ಡಿಸೆಂಬರಿನ ನಡುಹಗಲಲ್ಲೂ ಸೂರ್ಯ ದಿಗಂತದಿಂದ 54 ಡಿಗ್ರಿ ಮೇಲಿರುತ್ತಾನೆ, ರೆಡಿಂಗ್‌ನಲ್ಲಿ 15. ಛಾವಣಿಗೆ ಅಂಟಿ ಮಲಗಿದ ನೂರು ವ್ಯಾಟಿನ ಪ್ಯಾನೆಲ್ ಇಲ್ಲಿ ಜೂನ್‌ನಲ್ಲಿ ದಿನಕ್ಕೆ 30 ಆಂಪಿಯರ್-ಅವರ್ ಆಸುಪಾಸು ಗಳಿಸಿದರೆ, ಡಿಸೆಂಬರಿನಲ್ಲಿ ಮೂರು ಸಿಕ್ಕಿದರೆ ಪುಣ್ಯ. ಉಗ್ರಾಣ ದೊಡ್ಡದಾದ ಮಾತ್ರಕ್ಕೆ ಬೆಳೆ ಹೆಚ್ಚುವುದಿಲ್ಲ.

ಸದ್ಯಕ್ಕೆ ವ್ಯಾನಿಗೆ ಬಂದ ಹೊಸ ಸಾಮಾನು ಕೆಲವೇ ಪೌಂಡಿನ ಒಂದು ಸ್ವಿಚ್ಚು. ಇನ್ವರ್ಟರಿನದು, ಅಡುಗೆಕಟ್ಟೆಯ ಪಕ್ಕದಲ್ಲೇ, ಜಾರಿನ ಮುಚ್ಚಳ ಹಿಡಿದ ಕೈಗೆ ಎಟಕುವಂತೆ. ಅದು ಉಳಿಸುವಷ್ಟನ್ನು ಬಿಸಿಲಿನಿಂದ ಗಳಿಸಹೊರಟರೆ ಜೂನ್‌ನಲ್ಲಿ ಇನ್ನೊಂದು ಪ್ಯಾನೆಲ್ ಬೇಕು. ಡಿಸೆಂಬರಿನಲ್ಲಾದರೆ ಏಳೆಂಟು, ಅಷ್ಟನ್ನು ಹೊರಿಸಬೇಕಾದರೆ ವ್ಯಾನು ಮಾರಿ ಬಸ್ಸು ಕೊಳ್ಳಬೇಕು.